ಮತ್ತಿತರರು ಹಾಜರಿದ್ದರು

ಯಾವುದೇ ಪತ್ರಿಕೆಯ ಜಿಲ್ಲಾ ಪುಟ ತೆಗೆದು ನೋಡಿ. ಸಣ್ಣ ಸುದ್ದಿಗಳ ಕೊನೆಯ ಸಾಲಿನಲ್ಲಿ ಒಂದಷ್ಟು ಹೆಸರುಗಳಿರುತ್ತವೆ. ಹೆಸರುಗಳು ಮುಗಿದ ಮೇಲೆ ಒಂದು ಪದ ಬರುತ್ತದೆ: ಮತ್ತಿತರರು. ಸಸಿ ನೆಟ್ಟವರು, ಕೆರೆಯ ಹೂಳೆತ್ತಿದವರು, ಶಾಮಿಯಾನದ ಗೂಟ ಹಿಡಿದುಕೊಂಡವರು, ಬರೀ ಉಪ್ಪಿಟ್ಟು ತಿಂದು ಹೋದವರು, ಎಲ್ಲರೂ ಆ ಒಂದೇ ಪದದೊಳಗೆ ಒತ್ತಿಕೊಂಡು ಕೂತಿರುತ್ತಾರೆ. ಚಾಮರಾಜನಗರದ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂದಲು ನರೆಯುವವರೆಗೆ ನಾನು ಮಾಡಿದ ಕೆಲಸ ಇದೇ. ಪುಟದಲ್ಲಿ ಜಾಗ ಸಾಲದೆ ಹೋದಾಗ ಮೊದಲು ಕತ್ತರಿ ಬೀಳುತ್ತಿದ್ದುದು ಹೆಸರುಗಳಿಗೆ. 'ನಾಲ್ಕು ಹೆಸರು ಉಳಿಸು, ಮಿಕ್ಕವರನ್ನು ಮತ್ತಿತರರಿಗೆ ಸೇರಿಸು' ಎಂದು ಹೊಸದಾಗಿ ಬಂದ ವರದಿಗಾರರಿಗೆಲ್ಲ ಹೇಳಿಕೊಟ್ಟಿದ್ದೇನೆ. ಒಮ್ಮೆ ಒಂದು ರಕ್ತದಾನ ಶಿಬಿರದ ಸುದ್ದಿಯಲ್ಲಿ ಭಾಷಣ ಮಾಡಿದವರ ಹೆಸರೆಲ್ಲ ಬಂದು, ರಕ್ತ ಕೊಟ್ಟವರೆಲ್ಲ ಮತ್ತಿತರರಾಗಿಬಿಟ್ಟಿದ್ದರು. ಅವರಲ್ಲೊಬ್ಬರು ಮರುದಿನವೂ ತೋಳಿನ ಹತ್ತಿ ತೆಗೆಯದೆ ಕಚೇರಿಗೆ ಬಂದು, "ಸಾ, ರಕ್ತ ನಂದು, ಹೆಸ್ರು ಅವರ್ದಾ?" ಎಂದು ಕೇಳಿದರು. ಜಾಗ ಸಾಲಲಿಲ್ಲ ಎಂದೆ. "ನನ್ ಮೈಯಾಗೂ ರಕ್ತ ಎಚ್ಗೇನ್ ಇರ್ನಿಲ್ಲ ಕಣ ಸಾ" ಎಂದು ಹೇಳಿ ಹೋದರು. ಒಳ್ಳೆಯ ಮಾತು ಎನಿಸಿತು. ಆದರೆ ಅದನ್ನು ಹಾಕುವುದಕ್ಕೂ ಜಾಗವಿರಲಿಲ್ಲ.

ನಮ್ಮ ವೃತ್ತಿಯಲ್ಲಿ ಇನ್ನೊಂದು ನಿಯಮವಿದೆ. ಸುದ್ದಿ ಬರೆಯುವವನು ಸುದ್ದಿಯೊಳಗೆ ಕಾಲಿಡಬಾರದು. ಜಗಳವಾಗುತ್ತಿದ್ದರೆ ಬಿಡಿಸಬಾರದು, ಮೆರವಣಿಗೆ ಹೋಗುತ್ತಿದ್ದರೆ ಜೊತೆಗೆ ಹೆಜ್ಜೆ ಹಾಕಬಾರದು, ನಗೆಹನಿ ಕೇಳಿದರೂ ಅದು ಯಾರದೆಂದು ಖಚಿತವಾಗುವವರೆಗೆ ನಗಬಾರದು. ಈ ಶಿಸ್ತು ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ಅದು ಅಡುಗೆಮನೆಯವರೆಗೂ ಬಂದಿತ್ತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಏರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಾಲು ಪಾತ್ರೆಯ ಅಂಚಿಗೆ ಬಂತು, ಅಂಚು ದಾಟಿತು, ಒಲೆ ಆರಿತು. ಆಗ ಹಿತ್ತಿಲಿನಲ್ಲಿದ್ದ ನನ್ನ ಹೆಂಡತಿ ರಾಜಮ್ಮಣ್ಣಿಗೆ ಕೂಗಿ ಹೇಳಿದೆ, "ಹಾಲು ಉಕ್ಕಿದೆ." ಅವಳು ಓಡಿ ಬಂದು ನನ್ನನ್ನೂ ಒಲೆಯನ್ನೂ ನೋಡಿ, "ಉಕ್ಕೋವಾಗ ನೀವೆಲ್ಲಿದ್ರಿ?" ಎಂದಳು. "ಸ್ಥಳದಲ್ಲೇ ಇದ್ದೆ" ಎಂದೆ. "ಉಕ್ತದೆ ಅಂತ ಗೊತ್ತಾಗ್ನಿಲ್ವಾ?" ಎಂದಳು. ಉಕ್ಕಬಹುದು ಎನ್ನುವುದು ಊಹೆ, ಉಕ್ಕಿದೆ ಎನ್ನುವುದು ಸುದ್ದಿ ಎಂದು ವಿವರಿಸಿದೆ. ಅವತ್ತು ನನಗೆ ಕಾಫಿ ಸಿಗಲಿಲ್ಲ ಎನ್ನುವುದೂ ಸುದ್ದಿಯೇ.

ನಿವೃತ್ತನಾದ ಮೇಲೆ ನಾವು ಗುಂಡ್ಲುಪೇಟೆಯ ಮನೆಗೆ ಬಂದೆವು. ನಮ್ಮ ಬೀದಿ ನೇರವಾಗಿ ಹೆದ್ದಾರಿಗೆ ಹೋಗಿ ಮುಟ್ಟುತ್ತದೆ. ಹೆದ್ದಾರಿಯ ಆಚೆ ಬದಿಗೆ ಶಾಲೆ. ನಡುವೆ ಇರುವ ರಸ್ತೆಯಲ್ಲಿ ಈರುಳ್ಳಿ, ಟೊಮೆಟೊ, ಕೋಸು ತುಂಬಿದ ಲಾರಿಗಳು ಕೇರಳದ ಕಡೆಗೆ ಹೋಗುತ್ತವೆ, ಖಾಲಿ ಲಾರಿಗಳು ಇನ್ನೂ ಜೋರಾಗಿ ವಾಪಸು ಬರುತ್ತವೆ. ರಾತ್ರಿ ಕಾಡಿನ ರಸ್ತೆ ಮುಚ್ಚಿರುವುದರಿಂದ, ಗೇಟು ತೆಗೆಯುವುದನ್ನೇ ಕಾದಿದ್ದ ಗಾಡಿಗಳ ಆತುರ ಬೆಳಗಿನ ಹೊತ್ತೆಲ್ಲ ನಮ್ಮೂರಿನಲ್ಲಿ ಇಳಿಯದೇ ಉಳಿದಿರುತ್ತದೆ. ಅವುಗಳ ಜೊತೆಗೆ ಪ್ರವಾಸಕ್ಕೆ ಬಂದವರ ಕಾರುಗಳು. ಅವರು ಬಂಡೀಪುರದ ಆನೆ ನೋಡುವ ಅವಸರದಲ್ಲಿ ಗುಂಡ್ಲುಪೇಟೆಯ ಮನುಷ್ಯರನ್ನು ನೋಡುವುದಿಲ್ಲ. ನಾನು ವರಾಂಡದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಗಮನಿಸುತ್ತಿದ್ದೆ. ಗಮನಿಸುವುದಕ್ಕೆ ಅದೊಂದು ಬಹಳ ಒಳ್ಳೆಯ ಜಾಗ.

ನಮ್ಮ ಎದುರು ಮನೆ ಇಲಿಯಾಸನದು. ಅವನು ಟೈಲರ್. ಚಾಮರಾಜನಗರದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಗೆ ಬೆಳಗಿನ ಮೊದಲ ಬಸ್ಸಿಗೇ ಹೋಗುತ್ತಾನೆ. ಮನೆಯಲ್ಲಿ ಹೆಂಡತಿ ಷಮೀಮ್, ಹಾಸಿಗೆ ಹಿಡಿದ ಅವನ ತಾಯಿ, ಐದನೇ ತರಗತಿಯಲ್ಲಿ ಓದುವ ಮಗಳು ನಸೀಮಾ. ಈ ನಸೀಮಾ ಬಾಯಿ ಮುಚ್ಚಿದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಒಂದು ಬೆಳಿಗ್ಗೆ ಅವಳು ರಸ್ತೆ ದಾಟುವಾಗ ಕಾರೊಂದು ಕಿರ್ರೆಂದು ಬ್ರೇಕು ಹಾಕಿ ಪಕ್ಕಕ್ಕೆ ತಿರುಗಿತು. ಮಗುವಿಗೆ ಏನೂ ಆಗಲಿಲ್ಲ. ಕೈಯಲ್ಲಿದ್ದ ಊಟದ ಡಬ್ಬಿ ಹಾರಿ, ಮುಚ್ಚಳ ಒಂದು ಕಡೆ, ಚಪಾತಿ ಒಂದು ಕಡೆ ಆಯಿತು. ಕಾರು ನಿಲ್ಲದೆ ಹೋಯಿತು. ಹಿಂದೆ ಬಂದ ಲಾರಿ ಡಬ್ಬಿಯ ಮೇಲೆ ಹತ್ತಿತು. ಚಪ್ಪಟೆಯಾದ ಆ ಡಬ್ಬಿಯನ್ನು ಯಾರೋ ತಂದು ಷಮೀಮಳ ಕೈಗೆ ಕೊಟ್ಟರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಡಬ್ಬಿಯನ್ನು ಒಂದಷ್ಟು ಹೊತ್ತು ತಿರುಗಿಸಿ ನೋಡಿ, "ಇನ್ನು ಇಸ್ಕೂಲು ಬೇಡ" ಎಂದಳು. "ನಾನು ಅತ್ತೆನ ಬಿಟ್ಟು ಹೊಸ್ಲು ದಾಟೋಕಾಗಲ್ಲ. ನಮ್ಮನೆಯವ್ರು ಹಗಲೊತ್ತು ಊರಲ್ಲಿರಲ್ಲ. ಚಾಮರಾಜನಗರದಲ್ಲಿ ನಮ್ಮಕ್ಕನ ಮನೆ ಐತೆ, ಈ ವರ್ಷ ಮುಗಿದ್ಮೇಲೆ ಅಲ್ಲಿ ಸೇರಿಸ್ತೀವಿ. ಅಲ್ಲೀತನಕ ಮನೇಲಿರ್ಲಿ."

ಮರುದಿನ ಬೆಳಿಗ್ಗೆ ನಸೀಮಾ ಎಂದಿನಂತೆ ಸಮವಸ್ತ್ರ ಹಾಕಿಕೊಂಡು, ಎರಡು ಜಡೆ ಹೆಣೆಸಿಕೊಂಡು ನಮ್ಮ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಬಂದು ಕೂತಳು. ಆಚೆ ಬದಿ ಶಾಲೆಯ ಗಂಟೆ ಹೊಡೆಯಿತು. ಅವಳು ಎದ್ದು, ಕೈ ಜೋಡಿಸಿ, ರಸ್ತೆಯ ಕಡೆ ಮುಖ ಮಾಡಿ ನೆಟ್ಟಗೆ ನಿಂತು, ಅಲ್ಲಿ ಹೇಳುತ್ತಿದ್ದ ಪ್ರಾರ್ಥನೆಯನ್ನು ಇಲ್ಲಿಂದಲೇ ಹೇಳತೊಡಗಿದಳು. ಲಾರಿ ಬಂದಾಗ ಶಾಲೆಯ ದನಿ ಅಡಗಿ ಬರೀ ಇವಳ ದನಿ ಕೇಳುತ್ತಿತ್ತು. ಲಾರಿ ಹೋದ ಮೇಲೆ ಇಬ್ಬರದೂ ಸೇರುತ್ತಿತ್ತು. ಒಂದು ಕಡೆ ಇವಳು ಸ್ವಲ್ಪ ಮುಂದಕ್ಕೆ ಹೋಗಿದ್ದಳು, ಶಾಲೆ ಬಂದು ಸೇರಲೆಂದು ನಿಂತು ಕಾದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ತಾತ, ಹಾಜರಿ ಕೂಗ್ವಾಗ ಇಲ್ಲಿಂದ 'ಎಸ್ ಮಿಸ್' ಅಂದ್ರೆ ಕೇಳುತ್ತಾ?" ಎಂದು ಕೇಳಿದಳು. ನಿಮ್ಮ ದೊಡ್ಡಮ್ಮನ ಮನೆಗೆ ಹೋಗುತ್ತೀಯಲ್ಲ, ಅಲ್ಲಿ ದೊಡ್ಡ ಶಾಲೆ ಇರುತ್ತದೆ ಎಂದೆ. "ಖಾಲಾ ಊಟಕ್ಕೆ ಕೂತಾಗೆಲ್ಲ ಮಗ್ಗಿ ಕೇಳ್ತಾರೆ ತಾತ. ಹದಿಮೂರರ ಮಗ್ಗಿ ಬರ್ಲಿಲ್ಲ ಅಂದ್ರೆ ಎರಡನೇ ಸಲ ಸಾರು ಹಾಕಲ್ಲ" ಎಂದಳು. ನಗುತ್ತಲೇ ಹೇಳಿದಳು. ಆದರೆ ಕಣ್ಣು ರಸ್ತೆಯ ಆಚೆಗೇ ಇತ್ತು.

ನಾನು ಒಳಗೆ ಹೋಗಿ ಸುದ್ದಿ ಬರೆದೆ. ಬರೆಯುವುದು ಬಿಟ್ಟು ಬೇರೇನು ಮಾಡಬಹುದೆಂದು ನನಗೆ ತಿಳಿದಿರಲಿಲ್ಲ. ಹೆದ್ದಾರಿ, ಶಾಲೆ, ಮಕ್ಕಳು, ಅಪಾಯ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು, ಕೊನೆಗೆ 'ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕೆಂದು ಸಾರ್ವಜನಿಕರು ಆಗ್ರಹಿಸಿದ್ದಾರೆ' ಎಂದು ಮುಗಿಸಿ ಹಳೆಯ ಕಚೇರಿಗೆ ಕಳಿಸಿದೆ. ಸುದ್ದಿ ಬಂತು. ಸಂಬಂಧಪಟ್ಟವರೊಬ್ಬರು ಜೀಪಿನಲ್ಲಿ ಬಂದು ರಸ್ತೆಯ ಬದಿಗೆ ನಿಂತು ಗಮನ ಹರಿಸಿದರು. ಹೆದ್ದಾರಿಗೆ ಉಬ್ಬು ಹಾಕುವುದು ತಮ್ಮ ಕೈಯಲ್ಲಿಲ್ಲವೆಂದೂ ಮೇಲಕ್ಕೆ ಬರೆಯುವುದಾಗಿಯೂ ಹೇಳಿದರು. ಆಮೇಲೆ ತಾವೇ ಆಚೆ ಬದಿಯ ಅಂಗಡಿಗೆ ಟೀ ಕುಡಿಯಲು ದಾಟಲಾಗದೆ, ಸಾಕಷ್ಟು ಹೊತ್ತು ನಿಂತು, ಜೀಪು ಹತ್ತಿ ಹೋದರು.

ಸಂಜೆ ರಾಜಮ್ಮಣ್ಣಿ ಪತ್ರಿಕೆ ಹಿಡಿದುಕೊಂಡು ಬಂದಳು. "ಏನ್ರೀ, ಈ ಸಾರ್ವಜನಿಕರು ಅಂದ್ರೆ ಯಾರು?" ಎಂದಳು.

"ಜನ" ಎಂದೆ.

"ಯಾವ ಜನ? ಯಾರನ್ ಕೇಳಿದ್ರಿ?"

ಬರೆಯುವಾಗ ನಾನಿದ್ದೆ. ಕಾಫಿ ತಂದುಕೊಟ್ಟ ನೀನು ಓದಿ ಹೂಂ ಅಂದೆಯಲ್ಲ, ಒಟ್ಟು ಇಬ್ಬರಾದೆವು ಎಂದೆ. ಇಬ್ಬರಾದರೆ ಬಹುವಚನ ಸಾಕು ಎನ್ನುವುದು ನಮ್ಮ ಡೆಸ್ಕಿನ ಪದ್ಧತಿ.

"ಹಂಗಾದ್ರೆ ಸಾರ್ವಜನಿಕರು ಕುರ್ಚಿ ಬುಟ್ಟು ಎದ್ದೇಳಿ. ನಾಳೆ ಬೆಳಿಗ್ಗೆ ರಸ್ತೆಗೋಗನ" ಎಂದಳು.

ನಾನು ನಿಯಮದ ಬಗ್ಗೆ ಹೇಳಿದೆ. ಸುದ್ದಿ ಬರೆದವನೇ ಹೋಗಿ ರಸ್ತೆಯಲ್ಲಿ ನಿಂತರೆ ವರದಿಯ ನಿಷ್ಪಕ್ಷಪಾತ ಏನಾಗಬೇಕು ಎಂದೆ. ಅವಳು ಬೀರು ತೆಗೆದು ರವಿಕೆ ಕಣಗಳ ಗಂಟು ಬಿಚ್ಚಿದಳು. ಈ ರವಿಕೆ ಕಣಗಳ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಯಾರ ಮನೆಗೆ ಹೋದರೂ ಹೆಂಗಸರಿಗೆ ಅರಿಶಿನ ಕುಂಕುಮ, ಎಲೆ ಅಡಿಕೆಯ ಜೊತೆ ಒಂದು ರವಿಕೆ ಬಟ್ಟೆ ಕೊಡುತ್ತಾರೆ. ತೆಗೆದುಕೊಂಡವರು ಅದನ್ನು ಹೊಲಿಸುವುದಿಲ್ಲ, ತಮ್ಮ ಮನೆಗೆ ಬಂದವರಿಗೆ ದಾಟಿಸುತ್ತಾರೆ. ಹೀಗೆ ಒಂದೇ ಬಟ್ಟೆ ಊರೆಲ್ಲ ಸುತ್ತಿ, ಮಡಿಕೆಯ ಗೆರೆಯೂ ಅಳಿಸದೆ, ಕೊಟ್ಟವರ ಮನೆಗೇ ವಾಪಸು ಬರುವುದುಂಟು. ಅದರಲ್ಲೊಂದು ಕಣ್ಣು ಕುಕ್ಕುವ ಕೆಂಪು ಕಣವಿತ್ತು, ಜರಿಯಂಚಿನದು. ಆ ಬಣ್ಣಕ್ಕೆ ಹೆದರಿ ಯಾರೂ ಇಟ್ಟುಕೊಳ್ಳದೆ ಅದು ಬೀದಿಯ ಎಲ್ಲ ಮನೆಗಳನ್ನೂ ಕಂಡಿತ್ತು. ರಾಜಮ್ಮಣ್ಣಿ ಅದನ್ನು ಜೇಡರಬಲೆ ತೆಗೆಯುವ ಕೋಲಿಗೆ ಕಟ್ಟಿದಳು. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು, ಎದುರು ಮನೆಯ ಬಾಗಿಲಲ್ಲಿ ನಿಂತು, "ಷಮೀಮಾ, ಮಗೀನ ಕಳ್ಸು ಕಣಮ್ಮಿ, ನಾನ್ ದಾಟಿಸ್ತೀನಿ" ಎಂದಳು.

ಷಮೀಮ್, "ನಿಮ್ಮನ್ನ ನಂಬಿ ಕಳಿಸ್ತೀನಿ ಅಮ್ಮಾ. ಆದ್ರೆ ಯಾವತ್ತು ರೋಡಲ್ಲಿ ಯಾರೂ ನಿಲ್ಲಲ್ವೋ, ಅವತ್ತೇ ಕೊನೆ. ಆಮೇಲೆ ನನ್ನ ಕೇಳ್ಬೇಡಿ" ಎಂದಳು. ಅದು ಜಗಳದ ಮಾತಲ್ಲ, ಲೆಕ್ಕ ಹಾಕಿ ಆಡಿದ ಮಾತು. ಡಬ್ಬಿ ಅವಳ ಅಡುಗೆಮನೆಯ ಗೂಟದಲ್ಲಿ ಹಾಗೇ ನೇತಾಡುತ್ತಿತ್ತು.

ಮೊದಲ ವಾರ ರಾಜಮ್ಮಣ್ಣಿ ಒಬ್ಬಳೇ ನಿಂತಳು. ನಸೀಮಾಳ ಹಿಂದೆ ಬೀದಿಯ ಮಿಕ್ಕ ಮಕ್ಕಳೂ ಸೇರಿಕೊಂಡರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ವಾರದ ಕೊನೆಗೆ ಅವಳ ಮಂಡಿ ಊದಿತು. ಬೇರೆಯವರೂ ಬರಲಿ ಎಂದು ಮನೆಮನೆಗೆ ಹೋಗಿ ಕೇಳಿದಳು. ಎಲ್ಲರೂ ಬಹಳ ಒಳ್ಳೆಯ ಕೆಲಸ ಎಂದರು. ಯಾವಾಗ ಬರ್ತೀರಿ ಎಂದರೆ ನೋಡೋಣ ಎಂದರು. ಈರುಳ್ಳಿ ಮಂಡಿಯ ಮಹದೇವಪ್ಪ, "ಅಮ್ಮಣ್ಣಿ, ನೀವು ಮಾಡ್ತಿರೋದು ದೇವ್ರು ಮೆಚ್ಚೋ ಕೆಲ್ಸ ಬುಡಿ. ನಂಗೆ ಬೆಳಿಗ್ಗೆ ಲೋಡಿಂಗ್ ಇರ್ತದೆ" ಎಂದು ಕೈ ಮುಗಿದರು. ಆಗ ನಾನು ಒಂದು ಸಲಹೆ ಕೊಟ್ಟೆ. ಒಂದು ಸಮಿತಿ ಮಾಡಿ, ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ ಎಂದು ಆಯ್ಕೆ ಮಾಡಿ, ಉದ್ಘಾಟನೆ ಇಟ್ಟುಕೊಂಡರೆ ಜನ ಬರುತ್ತಾರೆ ಎಂದೆ. "ಉದ್ಘಾಟನೆಗೆ ಬತ್ತಾರೆ, ಮಾರನೇ ದಿನ ಯಾರ್ ಬತ್ತಾರೆ?" ಎಂದಳು. ಇಷ್ಟು ಕಾಲ ಉದ್ಘಾಟನೆಗಳನ್ನು ವರದಿ ಮಾಡಿದವನಿಗೆ ಮಾರನೇ ದಿನದ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ. ಮಾರನೇ ದಿನ ನಾವು ಯಾರೂ ಹೋಗುತ್ತಿರಲಿಲ್ಲ.

ಅವಳು ಮಾಡಿದ್ದು ಬೇರೆ. ಒಂದು ಮಧ್ಯಾಹ್ನ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ ಇಟ್ಟು, ಅದರ ಮೇಲೆ ಕೆಂಪು ರವಿಕೆ ಕಣದ ಬಾವುಟವನ್ನು ಮಡಿಸಿಟ್ಟು, ಮಹದೇವಪ್ಪನವರ ಹೆಂಡತಿಯ ಮುಂದೆ ಹಿಡಿದಳು. ತಾಂಬೂಲದ ತಟ್ಟೆಯನ್ನು ಬೇಡ ಎನ್ನುವುದಕ್ಕೆ ನಮ್ಮೂರಿನ ಯಾವ ಹೆಂಗಸಿಗೂ ಬಾಯಿ ಬರುವುದಿಲ್ಲ. ಆಕೆ ತೆಗೆದುಕೊಂಡರು. ತೆಗೆದುಕೊಂಡ ಮನೆಯವರು ಮರುದಿನ ರಸ್ತೆಯಲ್ಲಿ ನಿಲ್ಲಬೇಕು, ನಿಂತಾದ ಮೇಲೆ ತಟ್ಟೆಯನ್ನು ಮುಂದಿನ ಮನೆಗೆ ದಾಟಿಸಬೇಕು ಎಂದು ರಾಜಮ್ಮಣ್ಣಿ ಆಮೇಲೆ ಹೇಳಿದಳು. ಮರುದಿನ ಮಹದೇವಪ್ಪ ಲೋಡಿಂಗ್ ಬಿಟ್ಟು ಬಾವುಟ ಹಿಡಿದು ನಿಂತಿದ್ದರು. ಗಂಟಲು ಮಂಡಿಯಲ್ಲಿ ಹರಾಜು ಕೂಗಿ ಪಳಗಿದ್ದು. "ಏಯ್, ನಿಲ್ಸ್ಲಾ! ಮಕ್ಳು ಕಣ್ಲಾ, ಮೂಟೆ ಅಲ್ಲ!" ಎಂದರೆ ಲಾರಿಗಳು ಬೆಚ್ಚಿ ನಿಲ್ಲುತ್ತಿದ್ದವು. ಸಂಜೆ ನನ್ನ ವರಾಂಡಕ್ಕೆ ಬಂದು, "ನಿಮ್ಮನೆಯವ್ರು ನನ್ ಎಂಡ್ರ ಮುಂದ್ಗಡೆ ತಟ್ಟೆ ಹಿಡ್ದು ನನ್ ಕತ್ಗೆ ಕಟ್ಬುಟ್ರಲ್ಲ ರಿಪೋರ್ಟ್ರೇ" ಎಂದು ಬೈದರು. ಮುಖದಲ್ಲಿ ಮಾತ್ರ ಮಗನ ಮದುವೆ ಮಾಡಿದವರ ಕಳೆ ಇತ್ತು.

ತಟ್ಟೆ ಮನೆಯಿಂದ ಮನೆಗೆ ನಡೆಯಿತು. ಎದುರು ಮನೆಗೂ ಹೋಯಿತು. ಇಲಿಯಾಸ್ ತನ್ನ ವಾರದ ರಜೆಯ ದಿನ ನಿಂತ. ಬಾವುಟದ ಅಂಚು ಕಿತ್ತುಬಂದಿದ್ದನ್ನು ಕಂಡು ಮನೆಗೆ ಒಯ್ದು, ಮಡಿಸಿ, ಎರಡು ಸಾಲು ಹೊಲಿಗೆ ಹಾಕಿ ತಂದ. ಬೀರುಗಳಲ್ಲಿ ಮಲಗಿದ್ದ ಇನ್ನಷ್ಟು ಕೆಂಪು ಕಣಗಳು ಹೊರಬಂದವು, ಎಲ್ಲಕ್ಕೂ ಅವನೇ ಅಂಚು ಹೊಲಿದ. ಷಮೀಮ್ ತಟ್ಟೆಯನ್ನು ಖಾಲಿ ಕಳಿಸಲಿಲ್ಲ, ಎಲೆಯ ಪಕ್ಕಕ್ಕೆ ಒಂದು ಹಿಡಿ ಖರ್ಜೂರ ಇಟ್ಟಳು. ಅಲ್ಲಿಂದ ಮುಂದಕ್ಕೆ ನಮ್ಮ ಬೀದಿಯ ತಾಂಬೂಲದಲ್ಲಿ ಖರ್ಜೂರವೂ ಒಂದು ಶಾಸ್ತ್ರವಾಗಿದೆ. ನಾನು ಇದನ್ನೆಲ್ಲ ಕುರ್ಚಿಯಿಂದ ಗಮನಿಸುತ್ತ, ನಮ್ಮ ಬೀದಿ ಎಂಥ ಬೀದಿ ಎಂದು ಹೆಮ್ಮೆಪಡುತ್ತಿದ್ದೆ. ನಮ್ಮ ಮನೆಯ ಸರದಿಗೆ ರಾಜಮ್ಮಣ್ಣಿ ಇದ್ದಳು. ಹೆಮ್ಮೆಪಡುವುದಕ್ಕೆ ನಾನಿದ್ದೆ.

ಹೀಗಿರುವಾಗ ಒಂದು ಸಂಜೆ ತಟ್ಟೆ ಸುತ್ತಿ ನಮ್ಮ ಮನೆಗೆ ಬಂತು. ರಾಜಮ್ಮಣ್ಣಿ ಅದನ್ನು ದೇವರ ಮನೆಯಲ್ಲಿಟ್ಟು, "ಹರದನಹಳ್ಳಿಲಿ ನಮ್ಮ ಚಿಕ್ಕಮ್ಮನ ಮನೇಲಿ ಏನೋ ಪೂಜೆಯಂತೆ. ಈಗ ಹೊರಡ್ತೀನಿ, ನಾಳೆ ಸಂಜೆ ಬತ್ತೀನಿ" ಎಂದಳು. ನಾಳೆಯ ಸರದಿ ಯಾರದು ಎಂದೆ. "ತಟ್ಟೆ ಯಾರ್ ಮನೇಲದೆ?" ಎಂದಳು. ಬಸ್ಸು ಹತ್ತಿ ಹೋದಳು. ಏನು ಪೂಜೆ, ಯಾರು ಕರೆದರು ಎಂದು ಎರಡನೇ ಮೂಲದಿಂದ ಖಚಿತಪಡಿಸಿಕೊಳ್ಳಬೇಕಿತ್ತು. ಅದೊಂದು ಸಂಜೆ ನಾನು ಪರಿಶೀಲನೆ ಮಾಡಲಿಲ್ಲ.

ಬೆಳಿಗ್ಗೆ ಬಾವುಟ ಹಿಡಿದು ಹೋಗಿ ರಸ್ತೆಯಂಚಿನಲ್ಲಿ ನಿಂತೆ. ಮಕ್ಕಳು ನನ್ನ ಹಿಂದೆ ಸಾಲಾಗಿ ನಿಂತರು, ನಸೀಮಾ ಎಲ್ಲರಿಗಿಂತ ಮುಂದೆ. ನಾನು ರಸ್ತೆಯನ್ನು ಗಮನಿಸಿದೆ. ಮೈಸೂರಿನ ಕಡೆಯಿಂದ ಲಾರಿಗಳು ಬರುತ್ತಿದ್ದವು. ಕಾಡಿನ ಗೇಟಿರುವ ಮದ್ದೂರಿನ ಕಡೆಯಿಂದ ಕಾರುಗಳು ಬರುತ್ತಿದ್ದವು. ವೇಗ ಹೆಚ್ಚಾಗಿತ್ತು. ಇದೆಲ್ಲ ನಿಖರವಾದ ಗಮನಿಕೆಯೇ. ಆದರೆ ಕಾಲು ಮಾತ್ರ ಮಣ್ಣಿನಂಚಿನಿಂದ ಡಾಂಬರಿಗೆ ಇಳಿಯಲೊಲ್ಲದು. ಹಿಂದೆ ತಿರುಗಿ ನೋಡಿದರೆ ಷಮೀಮ್ ಬಾಗಿಲಲ್ಲಿ ನಿಂತಿದ್ದಳು. ಮಗುವಿನ ಬೆನ್ನಿನ ಮೇಲೇ ಕಣ್ಣು. ಶಾಲೆಯ ಮೊದಲ ಗಂಟೆ ಹೊಡೆಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ಚೂರು ಹೊತ್ತಾದರೆ ಷಮೀಮ್ ಬಂದು ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು. ಅದು ಊಹೆಯಾಗಿದ್ದರೂ ಗೊತ್ತಿತ್ತು.

"ತಾತ" ಎಂದಳು ನಸೀಮಾ. "ನೀವು ನೋಡ್ತಾನೇ ಇದ್ರೆ ಲಾರಿ ನಿಲ್ಲಲ್ಲ. ಇಳೀಬೇಕು."

ಇಳಿದೆ. ಈಗ ಬರೆಯುವಾಗ ಸುಲಭವಾಗಿ ಬರುತ್ತದೆ ಈ ಪದ. ಅವತ್ತು ಅದು ನನ್ನ ಇಡೀ ವೃತ್ತಿಜೀವನದ ಎದುರು ಹಾಕಿದ ಹೆಜ್ಜೆ. ಕೋಲು ಮೇಲೆತ್ತಿದೆ. ಜರಿಯಂಚಿನ ಕೆಂಪು ರವಿಕೆ ಕಣ ಗಾಳಿಗೆ ಬಿಚ್ಚಿಕೊಂಡಿತು. ಕೇರಳದ ಕಡೆಗೆ ಹೊರಟಿದ್ದ ಕೋಸಿನ ಲಾರಿಯೊಂದು ಉಸ್ಸೆಂದು ದೊಡ್ಡ ಉಸಿರು ಬಿಟ್ಟು ನನ್ನ ಮುಂದೆ ನಿಂತಿತು. ಆಚೆ ಬದಿಯ ಕಾರುಗಳೂ ನಿಂತವು. ಅಷ್ಟು ದೊಡ್ಡ ಗಾಡಿ ನನ್ನ ಕೈಗೆ ನಿಂತಿದೆ ಎನ್ನುವುದನ್ನು ನಾನು ನಂಬದೆ ಇನ್ನೊಮ್ಮೆ ನೋಡಿದೆ. ನಿಂತೇ ಇತ್ತು. ಮಕ್ಕಳು ಸಾಲಾಗಿ ದಾಟಿದರು. ನಸೀಮಾ ನಡುರಸ್ತೆಯಲ್ಲಿ ನನಗೊಂದು ಸಲ್ಯೂಟು ಹೊಡೆದು ಓಡಿದಳು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಘಟನೆ ನಡೆದಿದೆ, ಮಕ್ಕಳ ಕಡೆಯದು ಗೊತ್ತಾಯಿತು, ಇನ್ನೊಂದು ಕಡೆಯವರ ಅಭಿಪ್ರಾಯ ಪಡೆಯದಿದ್ದರೆ ವರದಿ ಏಕಪಕ್ಷೀಯವಾಗುತ್ತದೆ. ಲಾರಿಯ ಕಿಟಕಿಯ ಕೆಳಗೆ ಹೋಗಿ, ಕೋಲನ್ನು ರಸ್ತೆಗೆ ಅಡ್ಡ ಹಿಡಿದುಕೊಂಡೇ, ಇಲ್ಲಿ ಗಾಡಿಗಳು ವೇಗವಾಗಿ ಹೋಗುತ್ತವೆ ಎನ್ನುವ ದೂರಿದೆ, ಇದಕ್ಕೆ ನಿಮ್ಮ ಪ್ರತಿಕ್ರಿಯೆ ಏನು ಎಂದು ಡ್ರೈವರನ್ನು ಕೇಳಿದೆ.

ಅವನು ಮಲಯಾಳಿ. ನನ್ನನ್ನೂ ಕೋಲನ್ನೂ ಮತ್ತೆಮತ್ತೆ ನೋಡಿದ. "ಮುಂಚೆ ಇಲ್ಲಿ ಯಾರೂ ಕೈ ತೋರ್ಸ್ತಿರ್ಲಿಲ್ಲ ಚೇಟ್ಟಾ. ತೋರ್ಸಿದ್ರೆ ನಿಲ್ಸ್ತೀವಿ" ಎಂದ.

ಬಹಳ ಸಮತೋಲನದ ಹೇಳಿಕೆ. ನಾನು ಮುಂದಿನ ಪ್ರಶ್ನೆಗೆ ಹೋದೆ. ಎಲ್ಲಿಂದ ಹೊರಟಿರಿ, ಎಷ್ಟು ಹೊತ್ತಿಗೆ ತಲುಪಬೇಕು, ಮಾಲೀಕರ ಒತ್ತಡ ಇದೆಯೇ ಎಂದು ವಿಚಾರಿಸುತ್ತಿದ್ದಂತೆ ಹಾರನ್ನುಗಳು ಶುರುವಾದವು. ತಿರುಗಿ ನೋಡಿದರೆ ಲಾರಿಗಳ ಸಾಲು ಬಸ್ ನಿಲ್ದಾಣದವರೆಗೆ ಹೋಗಿತ್ತು. ಆಚೆ ಕಡೆ ಕಾರುಗಳ ಸಾಲಿನ ಕೊನೆಯೇ ಕಾಣುತ್ತಿರಲಿಲ್ಲ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದಿದ್ದವು. ಯಾರು ಸತ್ತರು ಎಂದು ಒಬ್ಬರು, ಯಾವ ಮಂತ್ರಿ ಬರುತ್ತಾರೆ ಎಂದು ಇನ್ನೊಬ್ಬರು ಕೇಳುತ್ತಿದ್ದರು. ಡ್ರೈವರ್ ಬಹಳ ವಿನಯದಿಂದ ಬಗ್ಗಿ, "ಮಕ್ಕಳು ಹೋಯ್ತಲ್ಲಾ ಚೇಟ್ಟಾ, ಇನಿ ನಾನು ಪೋಟ್ಟೆ?" ಎಂದ. ಇನ್ನು ನಾನು ಹೋಗಲೇ ಎಂದು ಅಪ್ಪಣೆ ಕೇಳುತ್ತಿದ್ದಾನೆಂದು ನನಗೆ ಅರ್ಥವಾಗುವಷ್ಟರಲ್ಲಿ ಮಂಡಿಯಿಂದ ಮಹದೇವಪ್ಪ ಓಡಿ ಬಂದರು. "ಏನ್ ರಿಪೋರ್ಟ್ರೇ! ಲಾರಿ ನಿಲ್ಸಿ ಅಂದ್ರೆ ಕೇರಳನೇ ನಿಲ್ಸ್ಬುಟ್ರಲ್ಲ! ಇಳ್ಸಿ ಆ ಕೋಲ್ನ!" ಎಂದು ಕೂಗಿ, ನನ್ನ ತೋಳು ಹಿಡಿದು ಅಂಚಿಗೆ ಎಳೆದರು.

ಆ ದಿನವೆಲ್ಲ ನಾನು ವರಾಂಡಕ್ಕೆ ಬರಲಿಲ್ಲ. ಷಮೀಮ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು. ಇಂಥ ಮನುಷ್ಯನ ಕೈಯಲ್ಲಿ ಯಾವ ತಾಯಿ ಮಗುವನ್ನು ಕೊಡುತ್ತಾಳೆ? ಬೀದಿಯವರೆಲ್ಲ ಸೇರಿ ಕಟ್ಟಿದ್ದನ್ನು ಒಂದು ಪ್ರತಿಕ್ರಿಯೆಯ ಆಸೆಗೆ ಕೆಡಿಸಿದೆನಲ್ಲ ಎಂದು ಒದ್ದಾಡಿದೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಮಹದೇವಪ್ಪನವರು, "ನೀವ್ ಒಳ್ಗಿರಿ, ನಾನ್ ನೋಡ್ಕತೀನಿ" ಎಂದು ಬಾವುಟ ಇಸಿದುಕೊಂಡು ಹೋದರು. ಬಸ್ಸಿಳಿದು ಬಂದ ರಾಜಮ್ಮಣ್ಣಿಗೆ ಸುದ್ದಿ ಬಸ್ಸಿನಲ್ಲೇ ಸಿಕ್ಕಿತ್ತು. ಒಬ್ಬ ಮುದುಕ ರಸ್ತೆಗೆ ಅಡ್ಡ ನಿಂತು ಚಳವಳಿ ಮಾಡಿದನಂತೆ ಎಂದು ಯಾರೋ ಹೇಳಿದರಂತೆ. ಅವಳು ನೀರು ಕುಡಿದು ತಟ್ಟೆ ಎತ್ತಿಕೊಂಡಳು. ಅಷ್ಟರಲ್ಲಿ ಷಮೀಮ್ ತಾನೇ ನಮ್ಮ ಮೆಟ್ಟಿಲು ಹತ್ತಿ ಬಂದಳು. ಹಾಸಿಗೆಯಲ್ಲಿರುವ ಅತ್ತೆಯನ್ನು ಬಿಟ್ಟು ಅವಳು ಬೀದಿ ದಾಟಿ ಬಂದದ್ದು ಅದೇ ಮೊದಲು. ನಾನು ಎದ್ದು ನಿಂತೆ.

"ಅಮ್ಮಾ, ಒಂದ್ ಮಾತು" ಎಂದಳು ರಾಜಮ್ಮಣ್ಣಿಗೆ. "ವಾರದಲ್ಲಿ ಒಂದ್ ದಿನ ಅಂಕಲ್ ನಿಂತ್ಕೊಳ್ಲಿ. ನೀವೆಲ್ಲ ನಿಂತ್ರೆ ಮಕ್ಕಳು ದಾಟೋಷ್ಟು ನಿಲ್ತದೆ, ಜೀವ ಗಡಗಡ ಅಂತದೆ. ಅಂಕಲ್ ನಿಂತ್ರೆ ಪೂರಾ ರೋಡೇ ನಿಲ್ತದೆ. ಇವತ್ತು ನಾನು ಆರಾಮಾಗಿ ಚಾ ಕುಡ್ದೆ." ನಂತರ ನನ್ನ ಕಡೆ ತಿರುಗಿ, "ನಸೀಮಾನ ಎಲ್ಲೂ ಕಳಿಸಲ್ಲ ಅಂಕಲ್. ಇಲ್ಲೇ ಓದ್ತಾಳೆ. ಅಕ್ಕಂಗೂ ಫೋನ್ ಮಾಡಿ ಹೇಳ್ಬಿಟ್ಟೆ" ಎಂದಳು.

ಹಿಂದೆ ನನಗೆ ಒಂದೆರಡು ಶಾಲು ಹೊದಿಸಿದ್ದಾರೆ, ಹಣ್ಣಿನ ಬುಟ್ಟಿಯನ್ನೂ ಕೊಟ್ಟಿದ್ದಾರೆ. ಈ ಮಾತಿನ ಮುಂದೆ ಅವೆಲ್ಲ ಬರೀ ಬಟ್ಟೆ ಮತ್ತು ಹಣ್ಣು ಎನಿಸಿತು. ರಾಜಮ್ಮಣ್ಣಿ, "ಚಿಕ್ಕಮ್ಮ ಪೂಜೆ ಮಾಡಿದ್ದು ಸಾರ್ಥಕವಾಯ್ತು" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಪೂಜೆ ನಡೆಯಿತೋ ಇಲ್ಲವೋ ಎನ್ನುವುದು ಇಂದಿಗೂ ದೃಢಪಟ್ಟಿಲ್ಲ.

ಈಗ ಆ ಜಾಗಕ್ಕೆ ರವಿಕೆ ಗೇಟು ಎಂದು ಹೆಸರು ಬಿದ್ದಿದೆ. ಮಂಡಿಯಲ್ಲಿ ಲೋಡು ಏರಿಸುವಾಗಲೇ ಮಹದೇವಪ್ಪ ಡ್ರೈವರುಗಳಿಗೆ, "ರವಿಕೆ ಗೇಟ್ತವ ನಿದಾನಕ್ಕೋಗ್ರಪ್ಪ" ಎಂದು ಹೇಳಿ ಕಳಿಸುತ್ತಾರೆ. ಮಲಯಾಳಿ ಡ್ರೈವರುಗಳು ಬಾವುಟ ಕಾಣದ ರಜಾ ದಿನಗಳಲ್ಲೂ ಅಭ್ಯಾಸಬಲದಿಂದ ಅಲ್ಲಿ ವೇಗ ಇಳಿಸಿ, ಯಾರೂ ಇಲ್ಲವಲ್ಲ ಎಂದು ಇಣುಕಿ ನೋಡಿ ಹೋಗುತ್ತಾರೆ. ಆಚೆ ಬೀದಿಯವರು ಬಂದು ತಮಗೂ ಒಂದು ತಟ್ಟೆ ಬೇಕೆಂದು ಕೇಳಿದರು. ಮೇಲಕ್ಕೆ ಬರೆದ ಉಬ್ಬು ಇನ್ನೂ ಮೇಲೆಯೇ ಇದೆ. ವಾರಕ್ಕೊಂದು ಬೆಳಿಗ್ಗೆ ನಾನು ಬಾವುಟ ಹಿಡಿದು ನಿಲ್ಲುತ್ತೇನೆ. ಯಾರ ಪ್ರತಿಕ್ರಿಯೆಯನ್ನೂ ಕೇಳುವುದಿಲ್ಲ, ಆದರೆ ಷಮೀಮ್ ಚಾ ಕುಡಿದು ಲೋಟ ಕೆಳಗಿಡುವವರೆಗೆ ಕೋಲು ಇಳಿಸುವುದಿಲ್ಲ.

ಹೋದ ತಿಂಗಳು ನಮ್ಮ ಹಳೆಯ ಪತ್ರಿಕೆಯಿಂದ ಒಬ್ಬ ತರುಣ ವರದಿಗಾರ ಬಂದ. ನಾನೇ ಕೆಲಸ ಕಲಿಸಿದವನು. ಅವತ್ತು ನನ್ನ ಸರದಿಯೂ ಆಗಿತ್ತು, ಒಗೆದು ಇಸ್ತ್ರಿ ಮಾಡಿದ ಅಂಗಿಯೂ ಇತ್ತು. ಅವನನ್ನು ಪಕ್ಕಕ್ಕೆ ಕರೆದು ಯಾವುದನ್ನು ಮೊದಲು ಬರೆಯಬೇಕು, ಯಾವ ಕೋನದಿಂದ ಚಿತ್ರ ತೆಗೆಯಬೇಕು ಎಂದು ಹೇಳಿಕೊಟ್ಟೆ. ನಿವೃತ್ತ ಪತ್ರಕರ್ತ ಎನ್ನುವ ವಿವರ ಓದುಗರಿಗೆ ಆಸಕ್ತಿ ಹುಟ್ಟಿಸಬಹುದು ಎಂದೂ, ಬೇರೆ ಯಾರದೋ ವಿಷಯ ಹೇಳುವವನಂತೆ, ಸೂಚಿಸಿದೆ. ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದೆ. ಸುದ್ದಿ ಚೆನ್ನಾಗಿ ಬಂದಿತ್ತು. ಚಿತ್ರದಲ್ಲಿ ದಾಟುತ್ತಿರುವ ಮಕ್ಕಳು, ಹಲ್ಲು ಬಿಟ್ಟು ನಗುತ್ತಿರುವ ನಸೀಮಾ, ಮೇಲ್ಗಡೆ ಕೆಂಪು ಬಾವುಟ, ಬಾವುಟದ ಕೋಲು, ಕೋಲು ಹಿಡಿದ ಒಂದು ಮೊಣಕೈ. ಮೊಣಕೈಯ ಆಚೆಗೆ ಚಿತ್ರ ಮುಗಿದಿತ್ತು. ಕೊನೆಯ ಸಾಲು ಓದಿದೆ. ರಾಜಮ್ಮಣ್ಣಿ, ಷಮೀಮ್, ಇಲಿಯಾಸ್, ಮಹದೇವಪ್ಪ ಮತ್ತಿತರರು ಹಾಜರಿದ್ದರು.

ಕೂಡಲೇ ಅವನಿಗೆ ಫೋನು ಮಾಡಿದೆ. "ಜಾಗ ಸಾಲಲಿಲ್ಲ ಸರ್" ಎಂದ. "ನಾಲ್ಕು ಹೆಸರು ಉಳಿಸು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?" ಸರಿಯಾಗಿ ಕಲಿತಿದ್ದೀಯ ಎಂದು ಹೇಳಿ ಇಟ್ಟೆ. ರಕ್ತ ಕೊಟ್ಟ ಆ ಮನುಷ್ಯ ಈಗೆಲ್ಲಿದ್ದಾರೋ, ಸಿಕ್ಕಿದ್ದರೆ ಪಕ್ಕಕ್ಕೆ ಸ್ವಲ್ಪ ಸರಿಯಿರಿ, ನಾನೂ ಬಂದೆ ಎನ್ನುತ್ತಿದ್ದೆ. ಪತ್ರಿಕೆಯನ್ನು ಮಡಿಸಿ, ಆ ಪದದ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದೆ. ನನ್ನ ಹೆಸರು ಎಷ್ಟೋ ಸುದ್ದಿಗಳ ಮೇಲೆ ಬಂದಿತ್ತು, ಸುದ್ದಿಯ ಒಳಗೆ ನಾನು ಬಂದದ್ದು ಇದೇ ಮೊದಲು. ಎಂಥವರ ಜೊತೆ ಕೂತಿದ್ದೇನೆ ಎಂದು ನೋಡಿಕೊಂಡರೆ ಎದೆ ಸ್ವಲ್ಪ ಉಬ್ಬಿಯೇ ಇತ್ತು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲು ಏರುವ ಸದ್ದಾಯಿತು. ರಾಜಮ್ಮಣ್ಣಿ ಹಿತ್ತಿಲಿನಲ್ಲಿದ್ದಳು. ಹಾಲು ಅಂಚಿಗೆ ಬರುವ ಮೊದಲೇ ನಾನು ಎದ್ದು ಹೋಗಿ ಒಲೆ ಆರಿಸಿದೆ. ಅವಳು ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, ಉಕ್ಕದೆ ನಿಂತಿದ್ದ ಹಾಲನ್ನು ಆಶ್ಚರ್ಯದಿಂದ ನೋಡಿ, "ಯಾರ್ ಆರಿಸಿದ್ದು?" ಎಂದಳು.

"ಮತ್ತಿತರರು" ಎಂದೆ.